ಟ್ಯಾಗ್ ಅಂಟಿಸುವ ಮೊದಲು ಧೂಳು ಹೊಡೆಯಿರಿ: ನಮ್ಮ ವಿಶ್ವವಿದ್ಯಾಲಯದ ಲೈಬ್ರರಿ ಬದಲಾದ ಎರಡೂವರೆ ವರ್ಷ

ನನ್ನ ಟೇಬಲ್ ಮೇಲೆ ನಾಲ್ಕು ದಪ್ಪ ಫೈಲ್‌ಗಳಿವೆ. ಒಂದರ ದಾರ ಕಿತ್ತುಹೋಗಿ ಬೂಟಿನ ಲೇಸ್ ಕಟ್ಟಿದ್ದೇನೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯನ್ನು ‘ಸ್ಮಾರ್ಟ್’ ಮತ್ತು ‘ಗ್ರೀನ್’ ಮಾಡಿದ ಕಥೆಯೆಲ್ಲ ಅವುಗಳೊಳಗಿದೆ. ಕೆಲಸ ಮುಗಿದ ಸುದ್ದಿ ಹರಡಿದ ಮೇಲೆ ವಾರಕ್ಕೆ ಎರಡಾದರೂ ಫೋನ್ ಬರುತ್ತಿವೆ. “ಮೇಡಂ, ನಮ್ಮಲ್ಲೂ ಆರ್‌ಎಫ್‌ಐಡಿ ಹಾಕ್ಬೇಕಂತೆ, ನಿಮಗೆ ಎಷ್ಟಾಯ್ತು?” ಆರ್‌ಎಫ್‌ಐಡಿ ಅಂದರೆ ಪುಸ್ತಕಕ್ಕೆ ಅಂಟಿಸಿದ ಚಿಪ್ ಟ್ಯಾಗನ್ನು ರೇಡಿಯೊ ತರಂಗದಿಂದ ಓದುವ ವ್ಯವಸ್ಥೆ. ಎಲ್ಲರೂ ಕೇಳುವುದು ಎಷ್ಟಾಯ್ತು ಅಂತ. ಯಾವುದನ್ನು ಮೊದಲು ಮಾಡಿದ್ರಿ ಅಂತ ಯಾರೂ ಕೇಳುವುದಿಲ್ಲ. ನಮಗೆ ಪೆಟ್ಟು ಬಿದ್ದದ್ದೆಲ್ಲ ಅಲ್ಲೇ. ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯ. ನಾನು ಅಲ್ಲಿ ಸಹಾಯಕ ಗ್ರಂಥಪಾಲಕಿ. 2022ರ ನವೆಂಬರ್‌ನಲ್ಲಿ, ಕಾಲೇಜು-ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ತಯಾರಿ ಸಭೆ ನಡೆಯಿತು. ನ್ಯಾಕ್‌ನ ನಾಲ್ಕನೇ ಮಾನದಂಡದಲ್ಲಿ ಆಗ ಲೈಬ್ರರಿಯ ಆಟೊಮೇಷನ್ ಕೇಳುತ್ತಿದ್ದರು. ಏಳನೆಯದರಲ್ಲಿ ಸೋಲಾರ್, ಎಲ್‌ಇಡಿ, ಕಸ ವಿಲೇವಾರಿ ಕೇಳುತ್ತಿದ್ದರು. ಎರಡನ್ನೂ ಒಂದೇ ಕಟ್ಟಡದಲ್ಲಿ ಮುಗಿಸಿದರೆ ಒಳ್ಳೆಯದಲ್ವಾ ಅಂತ ಯಾರೋ ಅಂದರು. ನಡಾವಳಿಯಲ್ಲಿ ಒಂದೇ ಸಾಲು ಬಂತು: ‘ಗ್ರಂಥಾಲಯವನ್ನು ಸ್ಮಾರ್ಟ್ ಹಾಗೂ ಗ್ರೀನ್ ಮಾಡುವುದು.’ ಆ ಒಂದು ಸಾಲಿನಿಂದ ನಾಲ್ಕು ಫೈಲ್ ಹುಟ್ಟಿದವು.

ನಮ್ಮ ಪರಿಸ್ಥಿತಿ ಹೇಳುತ್ತೇನೆ. ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆಯುವ ಅಕ್ಸೆಷನ್ ರಿಜಿಸ್ಟರ್ ಪ್ರಕಾರ 64 ಸಾವಿರ ಪುಸ್ತಕ. ಹಳೇ ಸಾಫ್ಟ್‌ವೇರ್ ಒಂದೇ ಕಂಪ್ಯೂಟರ್‌ನಲ್ಲಿ ಓಡುತ್ತಿತ್ತು. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಾಲ್‌ನಲ್ಲಿ 310 ಟ್ಯೂಬ್‌ಲೈಟು, ಎಲ್ಲ ಹಳೇ ಚೋಕ್‌ನವು. ಹಗಲು ಹನ್ನೆರಡಕ್ಕೂ ಲೈಟ್ ಹಾಕದೆ ಪುಸ್ತಕದ ಬೆನ್ನು ಓದಲು ಆಗುತ್ತಿರಲಿಲ್ಲ.

ಮೊದಲ ಕೆಲಸ ಸ್ಟಾಕ್ ವೆರಿಫಿಕೇಷನ್, ಅಂದರೆ ಪುಸ್ತಕ ಎಣಿಸಿ ರಿಜಿಸ್ಟರ್ ಜೊತೆ ತಾಳೆ ನೋಡುವುದು. 2023ರ ಜನವರಿಯಲ್ಲಿ ಶುರು ಮಾಡಿ 41 ದಿನ ತೆಗೆದುಕೊಂಡೆವು. ಸಿಕ್ಕಿದ್ದು 61 ಸಾವಿರ ಚಿಲ್ಲರೆ. ಉಳಿದದ್ದೆಲ್ಲಿ ಅಂತ ಲೆಕ್ಕಪತ್ರ ವಿಭಾಗ ಕೇಳಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಪಗಾರದಲ್ಲಿ ಹಿಡಿಯುತ್ತಾರೇನೋ ಅಂತ. ಇಂಥ ಹೊತ್ತಿಗೆ ಒಂದು ನಿಯಮ ಗೊತ್ತಿರಲಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಲೈಬ್ರರಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಕೊಟ್ಟ ಅಥವಾ ಓದಲು ತೆಗೆದ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದನ್ನು ಸಹಜ ನಷ್ಟ ಅಂತ ಒಪ್ಪಬಹುದು ಎನ್ನುತ್ತದೆ ಅದು. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಬೇಕೇ ಬೇಕು. ರಾಜ್ಯದ ವಿಶ್ವವಿದ್ಯಾಲಯಕ್ಕೆ ಇದು ನೇರವಾಗಿ ಅನ್ವಯಿಸದಿದ್ದರೂ ಸಮಿತಿ ಮುಂದೆ ಇಟ್ಟರೆ ಮಾತು ತಣ್ಣಗಾಗುತ್ತದೆ. ನಾವು ಹದಿನೈದು ವರ್ಷದ ಇಶ್ಯೂ ಲೆಕ್ಕ ಕೂಡಿಸಿ ಇಟ್ಟೆವು. ಮೂರು ಸಭೆಯಾದ ಮೇಲೆ ರೈಟ್ ಆಫ್ ಆಯಿತು, ಅಂದರೆ ಲೆಕ್ಕದಿಂದ ತೆಗೆದರು.

ಆಮೇಲೆ ತಪ್ಪು ಮಾಡಿದೆವು. ಪುಸ್ತಕದ ಲೆಕ್ಕ ಸರಿಯಾಯಿತು ಅಂದುಕೊಂಡು ನೇರ ಟೆಂಡರ್‌ಗೆ ಹೋದೆವು. ಡೇಟಾ ಹೇಗಿದೆ ಅಂತ ತೆರೆದೂ ನೋಡಲಿಲ್ಲ.

ಟೆಂಡರ್ ಕಾಗದ ಸಿದ್ಧವಾಗುವ ಹೊತ್ತಿಗೆ, 2023ರ ಮಾರ್ಚ್ 29ಕ್ಕೆ, ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ನೀತಿಸಂಹಿತೆ ಬಂತು, ಫೈಲ್ ಕಪಾಟಿಗೆ ಹೋಯಿತು. ಜುಲೈನಲ್ಲಿ ಟೆಂಡರ್ ಕರೆದರೆ ಬಂದದ್ದು ಒಂದೇ ಬಿಡ್. ಮತ್ತೆ ಕರೆಯಿರಿ ಅಂದರು. ಎರಡನೇ ಸಲ ಮೂರು ಬಂದವು, ಒಂದು ತಾಂತ್ರಿಕ ಹಂತದಲ್ಲೇ ಬಿದ್ದುಹೋಯಿತು. ವರ್ಕ್ ಆರ್ಡರ್ ಕೈಗೆ ಬಂದದ್ದು 2024ರ ಜನವರಿಯಲ್ಲಿ. ಈ ನಡುವೆ ಹಣಕಾಸು ಸಮಿತಿ, ಸಿಂಡಿಕೇಟ್, ಆಡಳಿತಾತ್ಮಕ ಮಂಜೂರಾತಿ ಅಂತ ನಾನು ಹತ್ತಿ ಇಳಿದ ಮೆಟ್ಟಿಲು ಎಣಿಸಿಲ್ಲ. ಮಂಡಿನೋವು ಮಾತ್ರ ಉಳಿದಿದೆ.

ಟೆಂಡರ್‌ನಲ್ಲಿ ಎರಡು ಮಾತು ಬಿಡಬೇಡಿ. ಲೈಬ್ರರಿ ಟ್ಯಾಗ್‌ಗಳಲ್ಲಿ ಎಚ್‌ಎಫ್, ಯುಎಚ್‌ಎಫ್ ಅಂತ ಎರಡು ಜಾತಿ. ಎಚ್‌ಎಫ್ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಹತ್ತಿರದಿಂದ ಓದುತ್ತದೆ. ಯುಎಚ್‌ಎಫ್ ದೂರದಿಂದಲೂ ಓದುತ್ತದೆ. ಡೆಮೊದಲ್ಲಿ ಇಡೀ ಶೆಲ್ಫ್ ಪಟಪಟ ಓದಿಬಿಟ್ಟಿತು, ನಮ್ಮ ಸಮಿತಿಯವರೆಲ್ಲ ಬೆರಗಾದರು. ಆದರೆ ಇಶ್ಯೂ ಆಗದ ಪುಸ್ತಕ ಹೊರಹೋದರೆ ಕೂಗುವ ಗೇಟಿನ ಪಕ್ಕದ ಬೆಂಚಿನ ಮೇಲಿದ್ದ ಪುಸ್ತಕವನ್ನೂ ಅದು ಓದಿತು. ಎದೆಗೆ ಅವಚಿ ಹಿಡಿದ ಪುಸ್ತಕವನ್ನು ಬಿಟ್ಟುಬಿಟ್ಟಿತು. ಮೈಯೊಳಗಿನ ನೀರು ಆ ತರಂಗವನ್ನು ಹೀರುತ್ತದೆ. ಹುಡುಗರು ಪುಸ್ತಕ ಹಿಡಿಯುವುದೇ ಹಾಗೆ. ನಾವು ಎಚ್‌ಎಫ್ ಆರಿಸಿದೆವು. ಎರಡನೆಯದು, ಟ್ಯಾಗ್ ಐಎಸ್‌ಒ 15693ರದ್ದಾಗಿರಬೇಕು ಮತ್ತು ಅದರೊಳಗಿನ ಮಾಹಿತಿ ಐಎಸ್‌ಒ 28560 ಮಾದರಿಯಲ್ಲಿರಬೇಕು ಅಂತ ಬರೆಯಿಸಿ. ಇಲ್ಲದಿದ್ದರೆ ನಾಳೆ ಬೇರೆ ಕಂಪನಿಯ ಯಂತ್ರ ತಂದಾಗ ನಿಮ್ಮ ಟ್ಯಾಗ್ ಅದಕ್ಕೆ ಅರ್ಥವಾಗುವುದಿಲ್ಲ. ಹಳಬರ ಕೈಗೇ ಸಿಕ್ಕಿಕೊಳ್ಳುತ್ತೀರಿ.

ಖರ್ಚು ಕೇಳುವವರಿಗೆ ಹೇಳುತ್ತೇನೆ. ನಮಗೆ ಟ್ಯಾಗ್ ಒಂದಕ್ಕೆ 11 ರೂಪಾಯಿ ಬಿತ್ತು. 64 ಸಾವಿರ ಟ್ಯಾಗ್‌ಗೆ 7 ಲಕ್ಷದ ಹತ್ತಿರ. ಗೇಟು, ಹುಡುಗರು ತಾವೇ ಪುಸ್ತಕ ಇಶ್ಯೂ ಮಾಡಿಕೊಳ್ಳುವ ಎರಡು ಕಿಯೋಸ್ಕ್, ಕೈಯಲ್ಲಿ ಹಿಡಿದು ಓದುವ ರೀಡರ್ ಎಲ್ಲ ಸೇರಿ ಅದರ ಎರಡು ಪಟ್ಟು. ನಿಮ್ಮೂರಿನ ದರ ಬೇರೆ ಇರಬಹುದು.

ಈಗ ಡೇಟಾ ಕಥೆ. ಸಾಫ್ಟ್‌ವೇರ್‌ಗೆ ಕೋಹಾ ಆರಿಸಿದ್ದೆವು. ಅದು ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ 2000ದಲ್ಲಿ ಬಳಕೆಗೆ ಬಂದದ್ದು, ಯಾರು ಬೇಕಾದರೂ ಬಳಸಬಹುದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಉಡುಗೊರೆ ಪುಕ್ಕಟೆ, ಸಾಕುವುದು ಪುಕ್ಕಟೆ ಅಲ್ಲ. ಸರ್ವರ್, ತರಬೇತಿ, ನೋಡಿಕೊಳ್ಳುವ ಹುಡುಗರ ಸಂಬಳ ಅಂತ ದುಡ್ಡು ಇಡಲೇಬೇಕು.

ಹಳೇ ಸಾಫ್ಟ್‌ವೇರ್‌ನಿಂದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡೆವು. ಇಂಗ್ಲಿಷ್ ಪುಸ್ತಕಗಳು ಸಲೀಸಾಗಿ ಬಂದವು. ಕನ್ನಡದ 23 ಸಾವಿರ ಹೆಸರುಗಳನ್ನು ನೋಡಿ ನನಗೆ ಕೈಕಾಲು ಬಿದ್ದುಹೋಯಿತು. ಬಹುಪಾಲು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದವು, ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ‘ಕನ್ನಡ’ ಅಂತ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೊಂದು ಗೀಟಿನ ಎ ಹೀಗೆ ಕಾಣುತ್ತಿತ್ತು. ಪರಿವರ್ತಕಗಳಿವೆ, ಒಂದಕ್ಕೆ ಹಾಕಿದೆವು. ಬಂತು ಕನ್ನಡ. ಖುಷಿಯಾಗಿ ಮೊದಲ ಸಾಲು ಓದಿದೆ: ‘ಕನಾರ್ಟಕ’.

ಅರ್ಕಾವತ್ತಿನ ಕಿತಾಪತಿ ಇದು. ಹಳೇ ಫಾಂಟ್‌ನಲ್ಲಿ ಅರ್ಕಾವತ್ತಿನ ಗುರುತು ಅಕ್ಷರ ಆದ ಮೇಲೆ ಬಂದು ಕೂರುತ್ತದೆ, ನಾವು ಕೈಯಲ್ಲಿ ಬರೆದ ಹಾಗೆ. ಯೂನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕಕ್ಕೆ ಅದು ತಿಳಿಯದಿದ್ದರೆ ಧರ್ಮ ‘ಧಮರ್’ ಆಗುತ್ತದೆ, ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಹುಡುಕಿ ತಿದ್ದಬಹುದಿತ್ತು. ನಮ್ಮಲ್ಲಿ ಇಪ್ಪತ್ತು ವರ್ಷದಲ್ಲಿ ಏಳೆಂಟು ಜನ ಟೈಪ್ ಮಾಡಿದ್ದರು. ಕೆಲವರದ್ದು ನುಡಿ, ಕೆಲವರದ್ದು ಬರಹ. ಇನ್ನು ಕೆಲವರು ಇದೆಲ್ಲ ರಗಳೆಯೇ ಬೇಡ ಅಂತ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದರು. ‘ಸಾಹಿತ್ಯ’ಕ್ಕೆ ಒಬ್ಬರು ಬರೀ ಟಿ ಹಾಕಿದರೆ ಇನ್ನೊಬ್ಬರು ಟಿ ಜೊತೆ ಎಚ್ ಹಾಕಿದ್ದರು. ಹುಡುಕಿದರೆ ಒಬ್ಬನೇ ಲೇಖಕ ಐದು ಜನರಾಗಿ ಬರುತ್ತಿದ್ದ.

ಇತ್ತ ಟ್ಯಾಗ್ ರೋಲ್‌ಗಳು ಬಂದು ಮೂಲೆಯಲ್ಲಿ ಕೂತಿದ್ದವು. ಟ್ಯಾಗ್ ಅಂಟಿಸುವುದೆಂದರೆ ಅಂಟಿಸುವುದಷ್ಟೇ ಅಲ್ಲ, ಆ ಪುಸ್ತಕದ ಅಕ್ಸೆಷನ್ ನಂಬರನ್ನು ಟ್ಯಾಗ್‌ಗೆ ಬರೆಯಬೇಕು, ಅದು ಕೋಹಾದಲ್ಲಿ ಇರಬೇಕು. ಕೋಹಾದಲ್ಲಿ ಡೇಟಾನೇ ಇಲ್ಲ! ಕಂಪನಿಯ ಹುಡುಗರು ಎರಡು ವಾರ ಸುಮ್ನೆ ಕೂತು ಚಹಾ ಕುಡಿದು ವಾಪಸ್ ಹೋದರು. ಮತ್ತೆ ಬರಲು ಎರಡು ತಿಂಗಳು ತೆಗೆದುಕೊಂಡರು. ವಾರಂಟಿ ಮಾತ್ರ ಸಾಮಾನು ಬಂದ ದಿನದಿಂದಲೇ ಎಣಿಕೆ. ಇದೊಂದನ್ನು ನೆನಪಿಡಿ, ವಾರಂಟಿ ಶುರುವಾಗುವುದು ಯಂತ್ರ ಚಾಲೂ ಆದ ದಿನದಿಂದ ಅಂತ ಕರಾರಿನಲ್ಲಿ ಬರೆಯಿಸಿ.

ಕೊನೆಗೆ ಕನ್ನಡ ಎಂ.ಎ. ಓದುವ ಆರು ಹುಡುಗಿಯರನ್ನು ‘ಕಲಿಕೆ ಜೊತೆ ಗಳಿಕೆ’ ಅಂತ ಕೂರಿಸಿಕೊಂಡೆ. ಪರಿವರ್ತಕದಿಂದ ಬಂದದ್ದನ್ನು ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದಾಗಿ ತಿದ್ದಿದರು. ಹತ್ತು ವಾರ ಹಿಡಿಯಿತು. ಇದೇ ಕೆಲಸವನ್ನು 2023ರ ಚುನಾವಣೆ ಹೊತ್ತಿನಲ್ಲಿ, ಫೈಲ್ ಕಪಾಟಿನಲ್ಲಿದ್ದಾಗ ಮಾಡಬಹುದಿತ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಟ್ಯಾಗ್ ಅಂಟಿಸುವಾಗಿನ ಪಾಠ ಬೇರೆ. ನಮ್ಮ ಅಟೆಂಡರ್ ಒಬ್ಬರಿದ್ದಾರೆ, ಎಲ್ಲರೂ ಕಾಕಾ ಅಂತೀವಿ. 31 ವರ್ಷದ ಸರ್ವಿಸು. ಯಾವ ಪುಸ್ತಕ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಟ್ಯಾಗ್ ಬಂದ ದಿನ ಅವರ ಮುಖ ಬಾಡಿತ್ತು. “ಇನ್ನ ನಮ್ಮದೇನ್ ಕೆಲಸ ಐತ್ರಿ ಮೇಡಂ, ಮಷೀನಾ ಎಲ್ಲಾ ಹೇಳತೈತಿ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೋಲ್ ಬಿಚ್ಚಿ ಕೈಗೆ ಕೊಟ್ಟೆ.

ಎಲ್ಲ ಪುಸ್ತಕಕ್ಕೂ ಹಿಂದಿನ ರಟ್ಟಿನ ಒಳಗೆ ಒಂದೇ ಜಾಗದಲ್ಲಿ ಅಂಟಿಸಿ ಅಂತ ಕಂಪನಿಯವರು ಹೇಳಿದ್ದರು. ನೋಡಲು ಚೆಂದ. ಆದರೆ ನಮ್ಮ ಕವನ ಸಂಕಲನಗಳು ಬೆರಳಿನಷ್ಟೂ ದಪ್ಪ ಇಲ್ಲ. ನಾಲ್ಕು ಸಂಕಲನ ಒಟ್ಟಿಗೆ ಕಿಯೋಸ್ಕ್ ಮೇಲಿಟ್ಟರೆ ಟ್ಯಾಗ್ ಮೇಲೆ ಟ್ಯಾಗ್ ಬಿದ್ದು ಎರಡನ್ನು ಮಾತ್ರ ಓದುತ್ತಿತ್ತು. ಕಾಕಾನೇ ಪತ್ತೆ ಹಚ್ಚಿದ್ದು. ಒಂದಕ್ಕೆ ಮೇಲೆ, ಒಂದಕ್ಕೆ ನಡುವೆ, ಒಂದಕ್ಕೆ ಕೆಳಗೆ ಅಂಟಿಸಿದರು, ಓದಿತು. ಅಷ್ಟರಲ್ಲಿ ಆರು ಸಾವಿರ ಪುಸ್ತಕ ಮುಗಿದಿತ್ತು. ಕಬ್ಬಿಣದ ರ್‍ಯಾಕಿನ ಪಕ್ಕದ ತಗಡಿಗೆ ಒತ್ತಿಕೊಂಡು ನಿಂತ ಪುಸ್ತಕ ರೀಡರ್‌ಗೆ ಕಾಣುವುದಿಲ್ಲ, ಲೋಹ ಅಡ್ಡ ಬರುತ್ತದೆ. ಅಲ್ಲೊಂದು ದಪ್ಪ ರಟ್ಟಿನ ತುಂಡು ಇಟ್ಟೆವು. ಲೋಹದ ಲೇಪದಿಂದ ಮಿಂಚುವ ಹೊದಿಕೆ ಇರುವ ಪುಸ್ತಕಕ್ಕೂ ಇದೇ ಕಾಟ, ಅಂಥವಕ್ಕೆ ಟ್ಯಾಗನ್ನು ಒಳಪುಟಕ್ಕೆ ಹಾಕಿ. ದಿನಕ್ಕೆ 600ರ ಲೆಕ್ಕದಲ್ಲಿ ಮೂರೂವರೆ ತಿಂಗಳಾಯಿತು.

ಧೂಳಿನ ಮಾತು ಮರೆತೆ. ಧೂಳಿದ್ದ ರಟ್ಟಿಗೆ ಟ್ಯಾಗ್ ಅಂಟುವುದಿಲ್ಲ. ಅಂಟಿದಂತೆ ಕಂಡು ಮೂರು ದಿನಕ್ಕೆ ಎದ್ದು ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿಯೇ ಅಂಟಿಸಿ.

ಇನ್ನು ಹಸಿರಿನ ಕಡೆ ಬರೋಣ. ಇಲ್ಲಿ ಹಣೆಬರಹ ನಮ್ಮ ಪರವಾಗಿತ್ತು. 2024ರ ಫೆಬ್ರವರಿಯಲ್ಲಿ 40 ಕಿಲೋವ್ಯಾಟ್ ಸೋಲಾರ್‌ಗೆ ಪ್ರಸ್ತಾವನೆ ಹೋಯಿತು. ಹಳೇ ಟ್ಯೂಬ್, ಹಳೇ ಫ್ಯಾನ್ ಎಲ್ಲ ಎಣಿಸಿ ಹಾಕಿದ ಲೆಕ್ಕ ಅದು. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ಮತ್ತೆ ನೀತಿಸಂಹಿತೆ. ನಾನು ಶಪಿಸಿದೆ. ಆ ಖಾಲಿ ತಿಂಗಳುಗಳಲ್ಲಿ, ಮೊದಲೇ ಮಂಜೂರಾಗಿದ್ದ ದುಡ್ಡಿನಲ್ಲಿ ಚಿಲ್ಲರೆ ಕೆಲಸ ಮುಗಿಸೋಣ ಅಂತ ಟ್ಯೂಬ್‌ಲೈಟ್ ಬದಲಿಸಿದೆವು. ಚೋಕ್ ಸೇರಿ 50ರ ಮೇಲೆ ವ್ಯಾಟ್ ತಿನ್ನುತ್ತಿದ್ದ ಟ್ಯೂಬಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ. 310ಕ್ಕೂ ಸೇರಿ 78 ಸಾವಿರ ರೂಪಾಯಿ. ದಿನಕ್ಕೆ ಹತ್ತು ಗಂಟೆ ಉರಿದರೆ ಉಳಿತಾಯ ನೂರು ಯೂನಿಟ್ ಹತ್ತಿರ. ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಬರೀ ಟ್ಯೂಬ್ ಬದಲಿಸಿದ್ದು 25 ಕಿಲೋವ್ಯಾಟ್ ಸೋಲಾರ್‌ಗೆ ಸಮ. ಅಷ್ಟು ಸೋಲಾರ್‌ಗೆ 12 ಲಕ್ಷ ಬೇಕಿತ್ತು. ಕ್ಯಾಲ್ಕ್ಯುಲೇಟರ್ ಎರಡು ಸಲ ಒತ್ತಿದೆ, ನಂಬಿಕೆಯಾಗಲಿಲ್ಲ.

ಆಮೇಲೆ ಅರ್ಧ ಫ್ಯಾನ್‌ಗಳನ್ನು ಕಮ್ಮಿ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟಾರಿನವಕ್ಕೆ ಬದಲಿಸಿದೆವು. 75 ವ್ಯಾಟ್ ಇದ್ದದ್ದು 30ಕ್ಕೆ ಇಳಿಯಿತು. ಒಟ್ಟು ಲೋಡ್ ಬಹಳ ಇಳಿದಿತ್ತು. ಜೂನ್‌ನಲ್ಲಿ ಫೈಲ್ ಮತ್ತೆ ಮೇಲೆದ್ದಾಗ 40 ಹೊಡೆದು ಹಾಕಿ 20 ಕಿಲೋವ್ಯಾಟ್ ಅಂತ ಬರೆದೆವು. ಚುನಾವಣೆ ಬಂದಿರದಿದ್ದರೆ ಹತ್ತು ಲಕ್ಷ ಸುಮ್ನೆ ಚಾವಣಿ ಮೇಲೆ ಕೂರುತ್ತಿತ್ತು.

ದುಡ್ಡೇ ಬೇಡದ ಕೆಲಸವೂ ಒಂದಿತ್ತು. ನಮ್ಮ ರ್‍ಯಾಕ್‌ಗಳು ಕಿಟಕಿಗೆ ಸಮಾನಾಂತರವಾಗಿ ಗೋಡೆಯ ಹಾಗೆ ನಿಂತಿದ್ದವು. ಮೊದಲ ಸಾಲೇ ಬೆಳಕನ್ನೆಲ್ಲ ನುಂಗುತ್ತಿತ್ತು. ಒಂಬತ್ತು ದಿನ ಹತ್ತು ಜನ ಕೂಡಿ ಅವುಗಳನ್ನು ಅಡ್ಡಲಾಗಿ ತಿರುಗಿಸಿದೆವು. ನೇರ ಬಿಸಿಲು ಬಿದ್ದರೆ ಪುಸ್ತಕ ಬಣ್ಣಗೆಡುತ್ತದೆ, ಅದಕ್ಕೆ ಕಿಟಕಿಯಿಂದ ನಾಲ್ಕು ಅಡಿ ಬಿಟ್ಟೆವು. ಈಗ ಸಂಜೆ ನಾಲ್ಕರವರೆಗೆ ಕಿಟಕಿ ಕಡೆಯ ಲೈಟ್ ಹಾಕುವುದಿಲ್ಲ. ರ್‍ಯಾಕ್ ಸರಿಸಿದಾಗ ಹಿಂದೆ ಬಿದ್ದಿದ್ದ 37 ಪುಸ್ತಕ ಸಿಕ್ಕವು. ಎಲ್ಲವೂ ಕಳೆದುಹೋದವುಗಳ ಪಟ್ಟಿಯಲ್ಲಿದ್ದವು! ನನ್ನ ನಿದ್ದೆ ಕೆಡಿಸಿದ್ದ ಪುಸ್ತಕಗಳು. ಸ್ಟಾಕ್ ವೆರಿಫಿಕೇಷನ್‌ಗೆ ಮೊದಲೇ ರ್‍ಯಾಕ್ ತಿರುಗಿಸಿ ಅಂತ ಹೇಳಲು ಇದಕ್ಕಿಂತ ದೊಡ್ಡ ಕಾರಣ ಬೇಕಾ?

ರ್‍ಯಾಕ್‌ಗಳ ನಡುವೆ ಸೆನ್ಸರ್ ಲೈಟ್ ಹಾಕಿದೆವು, ಜನ ಬಂದರೆ ಹತ್ತುವಂಥದ್ದು. ಮೂರನೇ ದಿನ ಒಳಗಿನಿಂದ “ಮೇಡಂ” ಅಂತ ಕೂಗು. ಒಬ್ಬ ಹುಡುಗ ನೆಲದ ಮೇಲೆ ಕೂತು ಅಲ್ಲಾಡದೆ ಓದುತ್ತಿದ್ದ, ಲೈಟ್ ಆರಿಹೋಗಿತ್ತು. ಪ್ರತಿ ಎರಡು ನಿಮಿಷಕ್ಕೆ ಕೈ ಎತ್ತಿ ಬೀಸುತ್ತಿದ್ದನಂತೆ. ಟೈಮರನ್ನು ಹದಿನೈದು ನಿಮಿಷಕ್ಕೆ ಏರಿಸಿದೆವು.

ಸೋಲಾರ್‌ನಲ್ಲಿ ಕಾದದ್ದೇ ಜಾಸ್ತಿ. ಚಾವಣಿ ಗಟ್ಟಿ ಇದೆ ಅಂತ ಎಂಜಿನಿಯರ್ ಪ್ರಮಾಣಪತ್ರ, ನೀರಿನ ಟ್ಯಾಂಕಿನ ನೆರಳು ತಪ್ಪಿಸಿ ಹೊಸ ನಕ್ಷೆ, ವಿದ್ಯುತ್ ಪರಿವೀಕ್ಷಣೆ, ಆಮೇಲೆ ನಾವು ಲೈನಿನಿಂದ ತೆಗೆದದ್ದು, ಲೈನಿಗೆ ಕೊಟ್ಟದ್ದು ಎರಡನ್ನೂ ಅಳೆಯುವ ನೆಟ್ ಮೀಟರ್. ಪ್ಯಾನಲ್ ಕೂರಿಸಲು ಹನ್ನೊಂದು ದಿನ ಸಾಕಾಯಿತು, ಮೀಟರ್‌ಗೆ ಮೂರು ತಿಂಗಳು ಬೇಕಾಯಿತು. ಒಂದು ಕಚೇರಿಯವರು ಇಡೀ ಕ್ಯಾಂಪಸ್ಸಿನ ಹಳೇ ಮಂಜೂರಾತಿ ಪತ್ರ ಕೇಳಿದರು. ಅದು ಕಟ್ಟಡ ಕಟ್ಟಿದ ಕಾಲದ್ದು. ಇಡೀ ಕ್ಯಾಂಪಸ್ಸಿಗೆ ಒಂದೇ ಮೀಟರ್ ಅಂತ ನಮಗೆ ಗೊತ್ತಾದದ್ದೂ ಆಗಲೇ. ಹಣಕಾಸು ಅಧಿಕಾರಿ “ಲೈಬ್ರರಿಯಿಂದ ಎಷ್ಟು ಉಳಿತಾಯ ಆಯ್ತು, ತೋರಿಸಿ” ಅಂದರು. ತೋರಿಸಲು ಮೊದಲಿನ ಲೆಕ್ಕ ಎಲ್ಲಿದೆ? ಕೆಲವೇ ಸಾವಿರ ರೂಪಾಯಿಯ ಸಬ್ ಮೀಟರ್ ಒಂದನ್ನು ಮೊದಲ ದಿನವೇ ಹಾಕಿ. ನಾವು ಕೊನೆಗೆ ಹಾಕಿದೆವು, ಕಾಗದದ ಅಂದಾಜು ತೋರಿಸಿ ಬೈಸಿಕೊಂಡೆವು.

2025ರ ಮಾರ್ಚ್‌ನಲ್ಲಿ ಉದ್ಘಾಟನೆ. ಶಾಮಿಯಾನ, ಹೂವಿನ ಹಾರ, ಮೈಕ್. ಗಣ್ಯರು ಕಿಯೋಸ್ಕ್ ಮೇಲೆ ಪುಸ್ತಕ ಇಟ್ಟರು. ಕರೆಂಟ್ ಹೋಯಿತು. ತಲೆಯ ಮೇಲೆ 20 ಕಿಲೋವ್ಯಾಟ್ ಸೋಲಾರ್, ರಣಬಿಸಿಲು, ಒಳಗೆ ಕಿಯೋಸ್ಕ್ ಕಪ್ಪು. “ಸೋಲಾರ್ ಇದ್ದೂ ಕರೆಂಟ್ ಯಾಕ್ ಹೋಯ್ತು?” ಅಂತ ಅವರು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು, ನಾನು ಗುತ್ತಿಗೆದಾರರ ಮುಖ ನೋಡಿದೆ. ಆಗ ಗೊತ್ತಾದದ್ದು: ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಚಾವಣಿಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಸರಿಯಾದ ವ್ಯವಸ್ಥೆಯೇ. ಮೊದಲೇ ಯಾರಾದರೂ ಹೇಳಿದ್ದರೆ ಕಿಯೋಸ್ಕ್, ಗೇಟ್, ಸರ್ವರ್‌ಗಳಿಗೆ ಯುಪಿಎಸ್ ಹಾಕುತ್ತಿದ್ದೆವು. ಈಗ ಹಾಕಿದ್ದೇವೆ.

ಆಮೇಲಿನ ತೊಡಕುಗಳು ಚಿಕ್ಕವು. ಕೌಂಟರ್‌ನಲ್ಲಿ ಅವಸರಕ್ಕೆ ಬರೀ ಬಾರ್‌ಕೋಡ್ ಹೊಡೆದು ಪುಸ್ತಕ ಕೊಟ್ಟರೆ ಟ್ಯಾಗಿನ ಬೀಗ ತೆರೆಯುವುದಿಲ್ಲ, ಗೇಟ್ ಕಿರುಚುತ್ತದೆ. ಮೊದಲ ವಾರ ಒಬ್ಬ ಹುಡುಗಿ ಎಲ್ಲರೆದುರು ಕಳ್ಳಿಯ ಹಾಗೆ ನಿಂತು ಅತ್ತಳು. ತಪ್ಪು ನಮ್ಮದು, ಹೋಗಿ ಕ್ಷಮೆ ಕೇಳಿದೆ. ಕಿಯೋಸ್ಕ್ ಪ್ರತಿ ಪುಸ್ತಕಕ್ಕೂ ಉದ್ದನೆ ರಸೀದಿ ಉಗುಳುತ್ತಿತ್ತು, ಗ್ರೀನ್ ಲೈಬ್ರರಿಯ ಕಸದ ಬುಟ್ಟಿ ಮಧ್ಯಾಹ್ನಕ್ಕೇ ತುಂಬುತ್ತಿತ್ತು. ಎಸ್‌ಎಂಎಸ್ ಮಾಡೋಣ ಅಂದರೆ ಪ್ರತಿ ಸಂದೇಶದ ನಮೂನೆಯನ್ನೂ ಟೆಲಿಕಾಂ ಕಂಪನಿಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಿನ್ನೂ ನಡೆಯುತ್ತಿದೆ, ಸದ್ಯಕ್ಕೆ ಇಮೇಲ್. ಹಳೇ ಮಾನಿಟರ್, ಸಿಪಿಯುಗಳನ್ನು ಗುಜರಿಗೆ ಕೊಡಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಟ್ಟು ಪತ್ರ ತೆಗೆದುಕೊಳ್ಳಿ. ಯುಪಿಎಸ್ ಬ್ಯಾಟರಿಗೆ ಬೇರೆಯದೇ ನಿಯಮ, 2022ರದ್ದು. ಎರಡನ್ನೂ ಒಂದೇ ಹರಾಜಿಗೆ ಹಾಕಿದ್ದಕ್ಕೆ ನಮ್ಮ ಫೈಲ್ ವಾಪಸ್ ಬಂತು.

ಮುದ್ರಿತ ಜರ್ನಲ್‌ಗಳು ರ್‍ಯಾಕ್ ತುಂಬಿ ಜಾಗ ಹಿಡಿದಿದ್ದವು, ಆ ಸಮಸ್ಯೆ ತಾನಾಗಿ ಬಗೆಹರಿಯಿತು. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ 13 ಸಾವಿರದಷ್ಟು ಇ-ಜರ್ನಲ್‌ಗಳು ಸಿಗುತ್ತಿವೆ. ಖಾಲಿಯಾದ ರ್‍ಯಾಕ್‌ಗಳ ಜಾಗದಲ್ಲಿ ಹದಿನೆಂಟು ಕುರ್ಚಿ ಹಾಕಿದ್ದೇವೆ, ಕಿಟಕಿ ಪಕ್ಕ. ಬೆಳಗ್ಗೆ ಒಂಬತ್ತಕ್ಕೇ ಭರ್ತಿ.

ಹೋದ ವಾರ ವಾರ್ಷಿಕ ನಿರ್ವಹಣೆಯ ದರಪಟ್ಟಿ ಬಂದಿದೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಐದನೇ ಫೈಲ್ ತೆರೆದಿದ್ದೇನೆ. ಕಾಕಾ ಮುಂದಿನ ಮೇನಲ್ಲಿ ನಿವೃತ್ತಿ. ಕೈಯಲ್ಲಿ ಹಿಡಿಯುವ ರೀಡರ್ ಈಗ ಅವರದೇ, ಯಾರಿಗೂ ಮುಟ್ಟಗೊಡುವುದಿಲ್ಲ. ತಪ್ಪು ರ್‍ಯಾಕಿಗೆ ಹೋದ ಪುಸ್ತಕ ಹುಡುಕಲು ನಮಗೆ ಅರ್ಧ ದಿನ ಬೇಕಾದರೆ ಅವರಿಗೆ ಹತ್ತು ನಿಮಿಷ. ನಿನ್ನೆ ಇಬ್ಬರು ಹುಡುಗಿಯರಿಗೆ ಕಲಿಸುತ್ತಿದ್ದರು. ಒಬ್ಬಳು ನಿಂತಲ್ಲಿಂದಲೇ ಬಗ್ಗಿ ಕೆಳಗಿನ ಶೆಲ್ಫಿಗೆ ರೀಡರ್ ಹಿಡಿದಳು, ಏನೂ ಓದಲಿಲ್ಲ.

“ನಿಂತು ಹಿಡದ್ರ ಓದೂದಿಲ್ಲವ್ವಾ” ಅಂದರು ಕಾಕಾ, “ಕೆಳಗ ಕುಂದ್ರು.”